ಸುತಳಿ ಕಟ್ಟಿದ ಟೊಂಗೆ

ಮೂರನೆಯ ರೊಟ್ಟಿ ಹೆಂಚಿನ ಮೇಲಿತ್ತು. ಅದರ ಮೈಗೆ ನೀರು ಸವರಿ ಇನ್ನೇನು ತಿರುವಿ ಹಾಕಬೇಕು, ಅಷ್ಟರಲ್ಲಿ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಫೋನು ಹಿಡಿದುಕೊಂಡು ಸೀದಾ ಅಡುಗೆ ಮನೆಗೇ ಬಂದಳು. ಮರಾಠಿ ಪತ್ರಿಕೆಯೊಂದರ ಪುಟವನ್ನು ಯಾರೋ ಅವಳಿಗೆ ಕಳಿಸಿದ್ದರು. ನಮ್ಮ ಗುಡ್ಡದ ಹಕ್ಕಿ ಪೇಪರಿನಲ್ಲಿ ಬಂದಿದೆ, ಅದರ ಕೆಳಗೆ ನಿನ್ನ ಹೆಸರೂ ಇದೆ ಎಂದಳು.

"ಇನ್ನ ಮ್ಯಾಲ ನಿನ್ನ ಕೂಡ ಮಾತಾಡಬೇಕಂದ್ರ ಮೊದಲ ಚೀಟಿ ಕಳಿಸಿ ಬರಬೇಕೇನಕ್ಕಾ?"

ನಾನು ಹಿಟ್ಟಿನ ಕೈಯಲ್ಲೇ ಫೋನು ತೆಗೆದುಕೊಂಡೆ. ಫೋಟೋದಲ್ಲಿ ಹಸಿರು ಪಾರಿವಾಳದ ಗೂಡಿತ್ತು. ಮರಾಠಿಯವರು ಹರಿಯಾಲ ಎನ್ನುವ, ಮಹಾರಾಷ್ಟ್ರದ ರಾಜ್ಯಪಕ್ಷಿ ಎಂದು ಸಾಲಿಯ ಪುಸ್ತಕದಲ್ಲಿ ಬರುವ ಅದೇ ಹಕ್ಕಿ. ಒಣಕಡ್ಡಿಗಳನ್ನು ಅಡ್ಡಾದಿಡ್ಡಿ ಇಟ್ಟಂಥ ಹರಕು ಗೂಡು, ಅದರೊಳಗೆ ಬಾಯಿ ತೆರೆದ ಎರಡು ಮರಿಗಳು, ಅವುಗಳ ಮೈತುಂಬ ಬಿಸಿಲು. ಜತ್ತದ ಫೋಟೋಗ್ರಾಫರನಿಗೆ ಈ ಚಿತ್ರಕ್ಕಾಗಿ ಬಹುಮಾನ ಬಂದಿದೆ, ದರಿಬಡಚಿಯ ಗೃಹಿಣಿಯೊಬ್ಬರ ನೆರವಿನಿಂದ ಇದು ಸಾಧ್ಯವಾಯಿತು ಎಂದು ಬರೆದು ನನ್ನ ಹೆಸರು ಹಾಕಿದ್ದರು.

ಬಸರಿಗಿಡದ ಆ ಗೂಡು ನನಗೆ ಗೊತ್ತಿತ್ತು. ಅದನ್ನು ಮೊಟ್ಟೆಯಿದ್ದಾಗಿನಿಂದ ನೋಡಿದವಳು ನಾನು. ಒಂದು ಮುಂಜಾನೆ ಹೋಗಿ ನೋಡಿದರೆ ಗೂಡು ಖಾಲಿಯಾಗಿತ್ತು, ಕಡ್ಡಿಗೆ ಒಂದಿಷ್ಟು ಎಳೆಯ ಪುಕ್ಕ ಅಂಟಿಕೊಂಡಿತ್ತು. ಕಾಗೆಗೂ ಹೊಟ್ಟೆಯಿದೆ, ಶಿವ ಕೊಟ್ಟಿದ್ದನ್ನು ಶಿವನೇ ತೆಗೆದುಕೊಂಡ ಎಂದು ಕೈ ಮುಗಿದು ಇಳಿದು ಬಂದಿದ್ದೆ. ಆದರೆ ನಾನು ನೋಡಿದಷ್ಟು ದಿನವೂ ಆ ಗೂಡಿನ ಮೇಲೆ ಬಿಸಿಲು ಬಿದ್ದದ್ದಿರಲಿಲ್ಲ. ಮುಂದೆ ಒಂದು ಟೊಂಗೆ ಬಾಗಿ, ಅದರ ಎಲೆಗಳು ಗೂಡಿಗೆ ಪರದೆ ಕಟ್ಟಿದಂತಿದ್ದವು. ಈ ಫೋಟೋದಲ್ಲಿ ಆ ಟೊಂಗೆಯೇ ಇಲ್ಲ. ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದೆ. ಮೇಲಿನ ಮೂಲೆಯಲ್ಲಿ ಕಂದು ಬಣ್ಣದ ಸುತಳಿ, ಅದಕ್ಕೊಂದು ಗಂಟು.

ಟೊಂಗೆಯನ್ನು ಹಿಂದಕ್ಕೆ ಜಗ್ಗಿ ಕಟ್ಟಿದ್ದಾನೆ. ಫೋಟೋ ತೆಗೆದಿದ್ದಾನೆ. ಮರಿಗಳನ್ನು ಬಿಸಿಲಿಗೂ ಕಾಗೆಗೂ ತೋರಿಸಿ ಹೋಗಿದ್ದಾನೆ. ಮೇಲೆ ನನ್ನ ಹೆಸರನ್ನೂ ಬರೆಸಿದ್ದಾನೆ.

ನೆಗೆಣ್ಣಿ ರೊಟ್ಟಿ ಸುಡುತ್ತಿದೆ ಎಂದು ಕೂಗಿದಾಗ ಹೊಗೆ ಜಂತಿ ಮುಟ್ಟಿತ್ತು. ಸುಟ್ಟದ್ದು ಒಂದೇ ರೊಟ್ಟಿ, ಕೈ ಸುಡಲಿಲ್ಲ. ಅಷ್ಟಕ್ಕೆ ಗುಡ್ಡದ ಮಲ್ಲಯ್ಯನಿಗೆ ಶರಣು ಅಂದೆ. ಆ ದಿನ ನನ್ನ ಬಾಯಿಂದ ಬಂದ ಒಳ್ಳೆಯ ಮಾತು ಅದೊಂದೇ.

ನನಗೂ ಹಕ್ಕಿಯ ಫೋಟೋಕ್ಕೂ ಎತ್ತಣಿಂದ ಎತ್ತ ಎಂದು ಕೇಳುವವರಿದ್ದಾರೆ. ನಮ್ಮೂರ ಹಿಂದಿನ ಗುಡ್ಡದ ಮೇಲೆ ಮಲ್ಲಯ್ಯನ ಗುಡಿಯಿದೆ, ಗುಡಿಯ ಸುತ್ತ ದೇವರ ಬನ. ಬಸರಿ, ಆಲ, ಬೇವು, ಹುಣಸಿ. ಸುತ್ತಲಿನ ಗುಡ್ಡಗಳೆಲ್ಲ ಬೋಳಾಗಿ ಕರೆಂಟು ತೆಗೆಯುವ ಗಾಳಿಯ ಪಂಖ ಹೊತ್ತು ನಿಂತರೂ ಇದೊಂದು ಹಸಿರಾಗಿ ಉಳಿದಿರುವುದು ಒಂದು ಕಟ್ಟಳೆಯಿಂದ. ಬನದ ಗಿಡಕ್ಕೆ ಕಬ್ಬಿಣ ಮುಟ್ಟಿಸಬಾರದು. ಕೊಡಲಿ, ಕುಡುಗೋಲು ಇರಲಿ, ಮೊಳೆಯೊಂದನ್ನೂ ಹೊಡೆಯುವ ಹಾಗಿಲ್ಲ. ಸೋಮವಾರಕ್ಕೊಮ್ಮೆ ದೀಪಕ್ಕೆ ಎಣ್ಣೆ ಒಯ್ಯುವ ನನ್ನನ್ನು ಅಲ್ಲಿಯೇ ಕಾಲೇಜಿನ ಮೇಡಮ್ಮೊಬ್ಬರು ಕಂಡರು. ಅವರು ಪ್ರಾಣಿಶಾಸ್ತ್ರ ಕಲಿಸುವವರು. ಈ ಗುಡ್ಡದಲ್ಲಿ ಹಸಿರು ಪಾರಿವಾಳ ಮರಿ ಮಾಡುತ್ತದೆ ಎನ್ನುವುದಕ್ಕೆ ದಾಖಲೆಯಿಲ್ಲ, ಒಂದಾದರೂ ಗೂಡನ್ನು ಮೊಟ್ಟೆಯಿಂದ ಮರಿ ಹಾರುವವರೆಗೆ ದೂರದಿಂದ ನೋಡಿ ಫೋಟೋ ತೆಗೆಯಬೇಕು, ದಿನಾ ಬರಲು ತಮಗಾಗದು ಎಂದರು. ಕಾಲೇಜಿನ ಹಳೆಯ ಝೂಮ್ ಕ್ಯಾಮೆರಾ ಕೊಟ್ಟು, ಒಂದು ಇಡೀ ದಿನ ಕುಳಿತು ಕಲಿಸಿದರು.

ಕಲಿಯುವುದು ಸುಲಭವಾಗಿರಲಿಲ್ಲ. ಈ ಹಕ್ಕಿ ಎಲೆಯ ಬಣ್ಣದ್ದು. ಗಿಡದ ತುಂಬ ಕುಳಿತಿದ್ದರೂ ಒಂದೂ ಕಾಣುವುದಿಲ್ಲ. ನಾನು ಮೊದಲು ಕಿವಿಯಿಂದ ಹುಡುಕಲು ಕಲಿತೆ. ಕಚ್ಚಿ ಬಿಟ್ಟ ಬಸರಿ ಹಣ್ಣು ಒಣ ಎಲೆಯ ಮೇಲೆ ಟಪ್ಪೆಂದು ಬಿದ್ದರೆ ಅದರ ನೇರಕ್ಕೆ ಮೇಲೆ ನೋಡಬೇಕು. ಆಮೇಲೆ ಹಳದಿ ಕಾಲು ಕಾಣುತ್ತವೆ, ಕಾಲು ಸಿಕ್ಕರೆ ಹಕ್ಕಿ ಸಿಕ್ಕಿತು. ನನ್ನ ಹಸಿರು ಬಳೆಗಳ ಸಪ್ಪಳಕ್ಕೆ ಹಾರಿ ಹೋಗುತ್ತಿದ್ದವು. ಮುತ್ತೈದೆ ಬಳೆ ತೆಗೆಯುವುದು ಹೇಗೆ? ಹಳೆಯ ಸೀರೆಯ ಅಂಚು ಹರಿದು ಬಳೆಗಳಿಗೆ ಬಿಗಿಯಾಗಿ ಸುತ್ತಿಕೊಂಡೆ. ಕ್ಯಾಮೆರಾ ಅಲುಗಾಡದಂತೆ ಬಂಡೆಯ ಮೇಲೆ ಇಡಲು ಒಂದು ಚೀಲ ಹೊಲಿದು ಜೋಳ ತುಂಬಿದೆ, ಅದನ್ನು ನವಿಲು ಹರಿದು ತಿಂದಿತು. ಆಮೇಲೆ ಹತ್ತಿಕಾಳು ತುಂಬಿದೆ, ಯಾರೂ ಮುಟ್ಟಲಿಲ್ಲ. ಹೊದೆಯಲು ಮಾವನವರ ಕರಿ ಕಂಬಳಿ. ಹಕ್ಕಿ ನಮ್ಮನ್ನು ನೋಡಿದಾಗ ನಾವು ಅದನ್ನು ನೋಡಬಾರದು, ಮಗ್ಗುಲಾಗಿ ಕುಳಿತು ಶಿವನಾಮ ಎಣಿಸುತ್ತಿರಬೇಕು. ಬಿಸಿಲೇರುವ ಹೊತ್ತಿಗೆ ಗಂಡು ಬಂದು ಹೆಣ್ಣನ್ನು ಎಬ್ಬಿಸಿ ತಾನು ಕೂರುತ್ತದೆ. ಎರಡೂ ಕಾಣುವುದು ಆ ಒಂದು ಗಳಿಗೆಯಲ್ಲಿ ಮಾತ್ರ, ಆಗ ಉಸಿರು ಹಿಡಿದು ಗುಂಡಿ ಒತ್ತಬೇಕು. ಕೂತಲ್ಲಿಗೆ ಒಮ್ಮೆ ಹಾವು ಬಂತು, ತನ್ನ ದಾರಿ ತಾನು ಹಿಡಿದು ಹೋಯಿತು. ಅದೂ ಅವನ ದಯೆಯೇ.

ಜತ್ತದ ಫೋಟೋಗ್ರಾಫರನನ್ನು ಕರೆತಂದವನು ಗುಡಿಯ ಪೂಜಾರಿ. ಮದುವೆ ಫೋಟೋ ತೆಗೆಯುವ ಸ್ಟುಡಿಯೋ ಇಟ್ಟವನು, ಹಕ್ಕಿಯ ಹುಚ್ಚು. ಮಲ್ಲಯ್ಯ ಅವರ ಮನೆದೇವರಂತೆ, ಹಣೆಗೆ ದಪ್ಪಗೆ ಭಂಡಾರದ ಅರಿಸಿನ ಹಚ್ಚಿಕೊಂಡಿದ್ದ. ಅದನ್ನು ನೋಡಿ, ಮಾವಶಿ ಅಂದರೆ ಚಿಕ್ಕಮ್ಮ ಎಂದು ಕರೆದದ್ದನ್ನು ಕೇಳಿ ನಂಬಿದೆ. ನನ್ನ ಬಂಡೆಯ ಮೇಲೆ ಕೂರಿಸಿ ಗೂಡು ತೋರಿಸಿದೆ. ತೊಡೆಯಷ್ಟು ದಪ್ಪದ ಲೆನ್ಸಿನಲ್ಲಿ ನೋಡಿ ಅವನು ಮುಖ ಹುಳ್ಳಗೆ ಮಾಡಿದ.

"ಎಲಿ ಅಡ್ಡ ಬರ್ತಾವಲ್ಲ ಮಾವಶಿ."

"ಅದರ ಮನೀಗೆ ಅದ ಬಾಗಲಾ, ತಮ್ಮಾ. ಇರಲಿ ಬಿಡು," ಅಂದಿದ್ದೆ. ಅವನು ನಕ್ಕು ಹೂಂ ಅಂದಿದ್ದ.

ಸುಟ್ಟ ರೊಟ್ಟಿಯನ್ನು ಎಮ್ಮೆಗೆ ಹಾಕಿ, ಉಳಿದವರಿಗೆ ಬಡಿಸಿ, ನಾನು ಉಣ್ಣದೆ ಗುಡ್ಡ ಹತ್ತಿದೆ. ಪೂಜಾರಿ ಗುಡಿಯ ಕಟ್ಟೆಯ ಮೇಲೆ ಅಡ್ಡಾಗಿದ್ದ. ಟೊಂಗೆ ಕಟ್ಟಿದಾಗ ನೀನಿದ್ದೆಯಾ ಎಂದು ಕೇಳಿದೆ. ಇದ್ದೆ, ಹಗ್ಗದ ತುದಿ ಹಿಡಿದವನೇ ನಾನು, ಸಂಜೆ ಬಿಚ್ಚಿದವನೂ ನಾನೇ ಎಂದ, ಏನೋ ಪುಣ್ಯದ ಕೆಲಸ ಮಾಡಿದವನ ಹಾಗೆ. ಜತ್ತದವನು ಮೊದಲು ಟೊಂಗೆ ಕಡಿಯುತ್ತೇನೆ ಅಂದಿದ್ದನಂತೆ, ಪೂಜಾರಿಯೇ ಕಟ್ಟಳೆ ಹೇಳಿ ತಡೆದು, ಕಟ್ಟಿಕೋ ಎಂದನಂತೆ.

"ಕಬ್ಬಿಣ ಮುಟ್ಟಿಸಿಲ್ಲವಾ ತಂಗಿ. ಸುತಳಿ ಅಷ್ಟ. ದೇವರ ಮಾತ ಎಲ್ಲಿ ಮೀರೇವಿ ಹೇಳು?"

"ಎರಡು ಮರಿ ಸತ್ತಾವ."

"ಕಾಗಿ ತಿಂದ್ರ ನಾ ಏನ ಮಾಡ್ಲಿ?" ಅಂದು ಮಗ್ಗುಲು ಬದಲಿಸಿದ.

ಅವನ ಮೇಲೂ ಸಿಟ್ಟು ಬಂತು. ಆದರೆ ಅವನದು ಮಂದಬುದ್ಧಿ, ಜತ್ತದವನದು ಗೊತ್ತಿದ್ದು ಮಾಡಿದ್ದು. ಎಲೆ ಬಾಗಿಲು ಎಂದು ನಾನೇ ಹೇಳಿದ್ದೆ. ಕೇಳಿಸಿಕೊಂಡು, ನಕ್ಕು, ನಾನಿಲ್ಲದ ದಿನ ನೋಡಿ ಬಂದು ಬಾಗಿಲು ಮುರಿದ.

ಮೇಡಮ್ಮಿಗೆ ಫೋನು ಮಾಡಿದೆ. ಅವರು ನನ್ನ ಫೋಟೋಗಳನ್ನೂ ಅವನದನ್ನೂ ಪಕ್ಕಕ್ಕೆ ಪಕ್ಕ ಇಟ್ಟು ನೋಡಿ ನೀವು ಹೇಳುವುದು ಖರೆ ಎಂದರು. ಆದರೆ ತಕ್ರಾರು ಮಾಡಲು ಇದು ಸಾಲದು. ಗಾಳಿಗೆ ಟೊಂಗೆ ಸರಿದಿತ್ತು ಅನ್ನಬಹುದು, ಸುತಳಿಯನ್ನು ಹಕ್ಕಿಯೇ ತಂದಿತ್ತು ಅನ್ನಬಹುದು. ಅವನು ಕಟ್ಟುವುದನ್ನೇ ಯಾರಾದರೂ ಕಂಡಿದ್ದರೆ ಮಾತು ಬೇರೆ ಎಂದರು. ಕಂಡವನು ಪೂಜಾರಿ, ಆದರೆ ತಾನೇ ಹಗ್ಗ ಹಿಡಿದವನು ಸಾಕ್ಷಿ ಹೇಳಲಾರ. ಅವರು ಸುಮ್ಮನೆ ಹೇಳಿದ ಆ ಮಾತನ್ನು ನಾನು ಬಿಡಲಿಲ್ಲ.

ಆ ಸಂಜೆ ವಿಭೂತಿ ಹಚ್ಚಿ ಲಿಂಗಪೂಜೆಗೆ ಕೂತವಳು ಮನಸ್ಸಿಗೆ ಶಾಂತಿ ಕೊಡು ಎಂದು ಬೇಡಲಿಲ್ಲ. ಅವನ ಕ್ಯಾಮೆರಾದ ಕಣ್ಣಿಗೆ ಬೂಸು ಹತ್ತಲಿ ಎಂದು ಬೇಡಿದೆ. ಬಹುಮಾನದ ಗಾಜು ಅವನ ಕೈಯಲ್ಲೇ ಒಡೆಯಲಿ, ಅವನು ತೆಗೆದ ಮದುವೆ ಫೋಟೋಗಳಲ್ಲೆಲ್ಲ ಮದುಮಗ ಕಣ್ಣು ಮುಚ್ಚಲಿ ಎಂದೂ ಬೇಡಿದೆ. ಶಿವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ, ಎಲ್ಲದಕ್ಕೂ ಹೂಂ ಅನ್ನುವುದಿಲ್ಲ. ಆದರೂ ಬೇಡಿದೆ.

ನನಗೊಬ್ಬಳಿಗೇ ಗೊತ್ತಿದ್ದ ಇನ್ನೊಂದು ಗೂಡಿತ್ತು. ಗುಡಿಯ ಹಿಂದಿನ ಕೊಳ್ಳ ದಾಟಿದರೆ ಇಳುಕಲಿನಲ್ಲಿ ಒಂದು ಬೇವು. ಅದರಲ್ಲಿ ಮತ್ತೊಂದು ಜೋಡಿ ಮೊಟ್ಟೆ ಇಟ್ಟು ಮರಿ ಮಾಡಿತ್ತು. ಮರಿಗಳು ಇನ್ನೂ ಬರಿಮೈಯವು. ಬೇಸಿಗೆ ಮುಗಿಯುತ್ತ ಬಂದಿತ್ತು. ಈ ಸಲಕ್ಕೆ ಬನದಲ್ಲಿ ಉಳಿದ ಗೂಡು ಅದೊಂದೇ, ಮೇಡಮ್ಮಿನ ದಾಖಲೆಗೆ ಉಳಿದ ಆಸರೆಯೂ ಅದೇ. ಅದನ್ನು ನಾನು ಅವನಿಗೆ ಬಲೆಯ ಕಾಳು ಮಾಡಿದೆ.

ಫೋನು ಮಾಡಿ, ಪೇಪರಿನಲ್ಲಿ ನೋಡಿದೆ, ಭಾಳ ಚಲೋ ಬಂದಿದೆ ತಮ್ಮಾ ಎಂದೆ. ಬೇವಿನಲ್ಲಿ ಇನ್ನೊಂದು ಗೂಡಿದೆ, ತಂದೆ ತಾಯಿ ಗಂಟಲಿನ ಹಾಲು ಉಣಿಸುವುದು ಹತ್ತಿರದಿಂದ ಕಾಣುತ್ತದೆ ಎಂದೆ. ಈ ಪಾರಿವಾಳಗಳು ತಮ್ಮ ಗಂಟಲಿನಲ್ಲಿ ಹಾಲಿನಂಥದ್ದನ್ನು ಮಾಡಿ ಮರಿಗೆ ಕೊಡುತ್ತವೆ. ಅದರ ಫೋಟೋ ಸಿಗುವುದು ದೊಡ್ಡ ಮಾತು. ಅವನ ದನಿಗೆ ಜೊಲ್ಲು ಬಂತು. ಸೋಮವಾರ ಮುಂಜಾನೆ ಬಾ, ನನಗೆ ಮೈಸುಡುವ ತಾಪ ಬಂದಿದೆ, ನಾನು ಬರಲಾರೆ, ಜಾಗ ಹೇಳುತ್ತೇನೆ ಎಂದೆ. ಸೋಮವಾರ ಗುಡಿಗೆ ಜನ ಬರುತ್ತಾರೆ, ಅವನು ಟೊಂಗೆ ಕಟ್ಟುವುದನ್ನು ಅಡಗಿ ಕೂತು ಕ್ಯಾಮೆರಾದಲ್ಲಿ ಸಿಕ್ಕಿಸಿ ಅದೇ ದಿನ ಎಲ್ಲರಿಗೂ ತೋರಿಸಬೇಕು ಎನ್ನುವುದು ನನ್ನ ಲೆಕ್ಕ.

ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಟೆಂಪೋ ಹೊಡೆಯುವವರು, ಮಾತು ಕಡಿಮೆ.

"ಇದು ಫೋಟೋ ಅಲ್ಲ. ನೀ ಶಿಕಾರಿ ಮಾಡಾಕ ಹೊಂಟಿ," ಅಂದರು.

"ಹೌದ್ರಿ. ಶಿಕಾರೀನ."

"ಮರಿ ಯಾರವು?"

ನಾನು ಕ್ಯಾಮೆರಾದ ಗಾಜು ಒರೆಸತೊಡಗಿದೆ.

ಭಾನುವಾರ ಹೋಗಿ ಜಾಗ ನೋಡಿದೆ. ಕೊಳ್ಳದ ಈ ದಂಡೆಯಲ್ಲಿ, ಬೇವಿನ ಎದುರಿಗೆ, ಎರಡು ಬಂಡೆಗಳ ನಡುವೆ ಸಂದಿಯಿದೆ. ಅಲ್ಲಿಂದ ಗೂಡು ಕಣ್ಣ ನೇರಕ್ಕೆ ಬರುತ್ತದೆ. ಫೋಟೋದವನು ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲುತ್ತಾನೆ, ಹಾಗೆ ನಿಂತರೆ ಅವನ ಮುಖ ನನ್ನ ಕಡೆಗೆ ಬರುತ್ತದೆ. ಮುಖ, ಕೈಯಲ್ಲಿ ಸುತಳಿ, ಮೇಲೆ ಗೂಡು, ಮೂರೂ ಒಂದೇ ಚಿತ್ರದಲ್ಲಿ ಬರಬೇಕು. ಝೂಮ್ ಎಷ್ಟಿರಬೇಕೆಂದು ಅಳೆದು ನೋಡಿ, ಹತ್ತಿಕಾಳಿನ ಚೀಲವನ್ನು ಅಲ್ಲೇ ಬಚ್ಚಿಟ್ಟು ಬಂದೆ.

ಸೋಮವಾರ ಕೋಳಿ ಕೂಗುವ ಹೊತ್ತಿಗೆ ಸಂದಿಯಲ್ಲಿ ಕುಳಿತಿದ್ದೆ. ಹೆಣ್ಣು ಗೂಡಿನಲ್ಲಿತ್ತು. ಬಿಸಿಲೇರಿ ಗಂಡು ಬಂದು ಕೂತಿತು, ಹೆಣ್ಣು ಹಾರಿತು. ಅಷ್ಟು ಹೊತ್ತಿಗೆ ಅವನೂ ಬಂದ. ಒಬ್ಬನೇ. ತುದಿಗೆ ಕವಲಿದ್ದ ಬಿದಿರು ಗಳ, ಹೆಗಲಿಗೆ ಸುತಳಿಯ ಉಂಡಿ. ಬಂದವನು ಮೊದಲು ಗುಡಿಯ ಶಿಖರದ ಕಡೆ ತಿರುಗಿ ಕೈ ಮುಗಿದ. ಅದನ್ನು ನೋಡಿ ಹಲ್ಲು ಕಡಿದೆ.

ಅಲ್ಲಿಗೆ ನನ್ನ ಲೆಕ್ಕ ತಪ್ಪಿತು. ಅವನು ಸೂರ್ಯನಿಗೆ ಬೆನ್ನು ಮಾಡಿ ನಿಂತು ನೋಡಿದ, ಕ್ಯಾಮೆರಾ ಕಣ್ಣಿಗಿಟ್ಟ, ತಲೆ ಅಲ್ಲಾಡಿಸಿದ. ಅಲ್ಲಿಂದ ನೋಡಿದರೆ ಗೂಡಿನ ಹಿಂದೆ ಎದುರು ಗುಡ್ಡದ ಗಾಳಿಪಂಖ ಬರುತ್ತಿತ್ತು. ಕಾಡುಹಕ್ಕಿಯ ಫೋಟೋದಲ್ಲಿ ಪಂಖ ಬಂದರೆ ಬಹುಮಾನ ಎಲ್ಲಿಯದು? ಸುತ್ತು ಹಾಕಿ ಬಂದು ನನ್ನ ಕಡೆ ಬೆನ್ನು ಮಾಡಿ ನಿಂತ. ನನ್ನ ಚೌಕಟ್ಟಿನಲ್ಲಿ ಒಂದು ಟೋಪಿ, ಒಂದು ಬೆನ್ನು.

ಇಳುಕಲಿನ ಮೇಲುಭಾಗದಿಂದ ಗಳ ಚಾಚಿ ಒಂದು ಟೊಂಗೆಯನ್ನು ಕವಲಿಗೆ ಸಿಕ್ಕಿಸಿ ಎಳೆದ. ಗಂಡುಹಕ್ಕಿ ಸ್ವಲ್ಪ ಹೊತ್ತು ಬಗ್ಗದೆ ಕೂತಿತ್ತು. ಗೂಡು ಅಲುಗಾಡಿದ ಮೇಲೆ ಎದ್ದು ಹೋಯಿತು. ಅವನು ಟೊಂಗೆಗೆ ಸುತಳಿ ಬಿಗಿದು ಇನ್ನೊಂದು ತುದಿಯನ್ನು ಕೆಳಗಿನ ಬೊಡ್ಡೆಗೆ ಕಟ್ಟಿದ. ನಾನು ಗುಂಡಿ ಒತ್ತಿದೆ. ಬೆನ್ನು. ಮತ್ತೆ ಒತ್ತಿದೆ. ಬೆನ್ನು. ಇದನ್ನು ತೋರಿಸಿದರೆ ಯಾರ ಬೆನ್ನು ಎನ್ನುತ್ತಾರೆ.

ಇನ್ನೊಂದು ಟೊಂಗೆ ಉಳಿದಿತ್ತು. ಅದನ್ನು ಕಟ್ಟಬೇಕಾದರೆ ಅವನು ಬೊಡ್ಡೆಯ ಈ ಮಗ್ಗುಲಿಗೆ ಬರಲೇಬೇಕು, ಬಂದರೆ ಮುಖ ಸಿಗುತ್ತದೆ. ಕಾಯ್ದೆ. ಕಾಯ್ದೆ ಎಂದು ಬರೆಯುವುದು ಸುಲಭ. ಝೂಮಿನೊಳಗೆ ನನಗೆ ಮರಿಗಳು ಕಾಣುತ್ತಿದ್ದವು. ನೆರಳು ಸರಿದು ಬಿಸಿಲು ಅವುಗಳ ಮೇಲೆ ಬಿದ್ದಿತ್ತು. ಬರಿಮೈಯನ್ನು ಒಂದರ ಕೆಳಗೆ ಒಂದು ತೂರಿಸಲು ನೋಡುತ್ತಿದ್ದವು, ಕುತ್ತಿಗೆ ನಿಲ್ಲುತ್ತಿರಲಿಲ್ಲ. ಅವನು ಎರಡನೆಯ ಟೊಂಗೆ ಎಳೆದ. ಸುತಳಿ ಹಿಡಿದು ಬೊಡ್ಡೆಯನ್ನು ಬಳಸಿ ಬರತೊಡಗಿದ. ಕಿವಿ ಕಂಡಿತು, ಕೆನ್ನೆ ಕಂಡಿತು. ಆಗ ಕೊಳ್ಳದ ಬಾಯಿಯ ಬೋರಿಗಿಡದಿಂದ ಕಾಗೆಯೊಂದು ಎದ್ದು ಬಂದು ಬೇವಿನ ತುದಿಗೆ ಕೂತಿತು.

ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಪೂರ್ತಿ ಮುಖ ಸಿಗುತ್ತಿತ್ತು. ಆ ಹೆಜ್ಜೆ ಕಾಯ್ದರೆ ಕಾಗೆಯೂ ಒಂದು ಟೊಂಗೆ ಇಳಿಯುತ್ತಿತ್ತು. ಅವನು ಫೋಟೋಕ್ಕಾಗಿ ಆ ಮರಿಗಳನ್ನು ಬಿಸಿಲಿಗಿಟ್ಟಿದ್ದ. ನಾನೂ ಫೋಟೋಕ್ಕಾಗಿಯೇ ಇಟ್ಟಿದ್ದೆ. ಇದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಕ್ಯಾಮೆರಾವನ್ನು ಚೀಲದ ಮೇಲೆ ಬಿಟ್ಟು ಎದ್ದು ಕಾಗೆಗೆ ಕಲ್ಲು ಬೀಸಿದೆ. ಕಲ್ಲು ಕೊಳ್ಳದಲ್ಲಿ ಬಿತ್ತು, ಆದರೂ ಕಾಗೆ ಹಾರಿತು. ಆ ಸಪ್ಪಳಕ್ಕೆ ಅವನು ತಿರುಗಿ ನೋಡಿದ. ಪೂರ್ತಿ ಮುಖ, ಕೈಯಲ್ಲಿ ಸುತಳಿ, ಮೇಲೆ ಗೂಡು. ನಾನು ಬಯಸಿದ ಚಿತ್ರ ನನ್ನೆದುರಿಗೆ ನಿಂತಿತ್ತು, ನನ್ನ ಎರಡೂ ಕೈ ಖಾಲಿಯಿದ್ದವು.

ಕೊಳ್ಳ ಇಳಿದು ಹತ್ತುವಾಗ ಎರಡು ಸಲ ಜಾರಿದೆ, ಮೂಳೆ ಮುರಿಯಲಿಲ್ಲ. ಅವನು ಅಲ್ಲಿಯೇ ನಿಂತಿದ್ದ.

"ತಾಪ ಬಂದೈತಿ ಅಂದಿದ್ರಿ ಮಾವಶಿ..."

"ಬಂದೈತಿ. ಇನ್ನೂ ಇಳದಿಲ್ಲ. ಹಗ್ಗ ಬಿಚ್ಚು."

ಅವನು ಕಟ್ಟಿದ ಗಂಟಿಗೆ ಕೈ ಹಾಕಿ ಒಮ್ಮೆಲೇ ಬಿಚ್ಚಲು ಹೋದ. ನಾನು ಮಣಿಕಟ್ಟು ಹಿಡಿದೆ. ಒಮ್ಮೆಲೇ ಬಿಟ್ಟರೆ ಟೊಂಗೆ ಚಿಮ್ಮಿ ಮರಿಗಳು ಕೊಳ್ಳಕ್ಕೆ ಬೀಳುತ್ತಿದ್ದವು. ಒಂದು ಸುತಳಿಯ ತುದಿ ಅವನು ಹಿಡಿದ, ಇನ್ನೊಂದು ನಾನು. ಗೇಣುಗೇಣಾಗಿ ಸಡಿಲ ಮಾಡುತ್ತ ಟೊಂಗೆಗಳನ್ನು ಅವುಗಳ ಜಾಗಕ್ಕೆ ಬಿಟ್ಟೆವು. ಕೈ ಸುಲಿಯಿತು. ಕಡೆಗೆ ಎಲೆಗಳು ಬಂದು ಗೂಡನ್ನು ಮುಚ್ಚಿದವು.

ಅವನು ಹೋಗಲು ಚೀಲ ಎತ್ತಿಕೊಂಡ. ನಾನು ಬಿಡಲಿಲ್ಲ. ಹಕ್ಕಿ ತಿರುಗಿ ಬರುವವರೆಗೆ ಇಲ್ಲೇ ಕೂರಬೇಕು, ಬರದಿದ್ದರೆ ಅದನ್ನೂ ಕಣ್ಣಿಂದ ನೋಡಿ ಹೋಗು ಎಂದೆ. ಸಂದಿಗೆ ಕರೆದುಕೊಂಡು ಹೋಗಿ ಕಂಬಳಿಯನ್ನು ನಾನು ಹೊದ್ದೆ, ಅವನನ್ನು ಬಿಸಿಲಿನಲ್ಲಿ ಕೂರಿಸಿದೆ. ಬಂಡೆ ಕಾದಿತ್ತು. ಅವನು ಆಗಾಗ ಕುಂಡೆ ಎತ್ತಿ ಕೂರುತ್ತಿದ್ದ. ನನಗೆ ಹಿತವೆನಿಸಿತು, ಸುಳ್ಳೇಕೆ ಹೇಳಲಿ.

ಬಹಳ ಹೊತ್ತು ಏನೂ ಬರಲಿಲ್ಲ. ಮಲ್ಲಯ್ಯಾ, ಇವನ ತಪ್ಪನ್ನೂ ನನ್ನ ತಪ್ಪನ್ನೂ ಆ ಮರಿಗಳ ಲೆಕ್ಕಕ್ಕೆ ಹಚ್ಚಬೇಡ ಎಂದು ಒಳಗೊಳಗೇ ಬೇಡುತ್ತಿದ್ದೆ. ನೆತ್ತಿಯ ಮೇಲೆ ಸೂರ್ಯ ಬಂದಾಗ ಬಸರಿಯ ಕಡೆಯಿಂದ ಮೆತ್ತಗೆ ಸಿಳ್ಳೆ ಕೇಳಿತು. ಗಂಡುಹಕ್ಕಿ ಬೇವಿನ ಹೊರಟೊಂಗೆಗೆ ಬಂದು ಕೂತು, ಕುತ್ತಿಗೆ ಚಾಚಿ ನೋಡಿ, ಒಂದೊಂದೇ ಹೆಜ್ಜೆ ಒಳಗೆ ಸರಿಯಿತು. ಎಲೆಯ ನಡುವೆ ಅಂಗೈಯಷ್ಟು ಕಿಂಡಿಯಿತ್ತು. ಅದರೊಳಗೆ ಎರಡು ತಲೆಗಳು ಎದ್ದವು, ತಂದೆ ಬಾಗಿ ಅವುಗಳ ಕೊಕ್ಕನ್ನು ತನ್ನ ಬಾಯೊಳಗೆ ತೆಗೆದುಕೊಂಡು ಗಂಟಲು ಕುಲುಕಿ ಉಣಿಸತೊಡಗಿತು.

ಅವನ ಕೈ ತಾನಾಗಿ ಕ್ಯಾಮೆರಾದ ಕಡೆ ಹೋಯಿತು.

"ಒಂದ... ಒಂದ ಫೋಟೋ ಮಾವಶಿ."

"ಮುಟ್ಟಿದ್ರ ಕೊಳ್ಳದಾಗ ಒಗೀತೀನಿ ನೋಡು."

ಅವನು ಕೈ ಹಿಂದಕ್ಕೆ ತೆಗೆದ. ನಾನು ಮೆಲ್ಲಗೆ ನನ್ನ ಹಳೆಯ ಕ್ಯಾಮೆರಾ ಎತ್ತಿ, ಉಸಿರು ಹಿಡಿದು, ಅವನ ಕಣ್ಣೆದುರಿಗೇ ಆ ಫೋಟೋ ತೆಗೆದೆ. ಒಂದಲ್ಲ, ಹಕ್ಕಿ ಉಣಿಸಿ ಮುಗಿಸುವವರೆಗೂ ತೆಗೆದೆ. ಬ್ಯಾಟರಿಯ ಕೆಂಪು ದೀಪ ಮಿಣುಕುತ್ತಿತ್ತು, ಆದರೂ ಕೊನೆಯವರೆಗೆ ಕೈಕೊಡಲಿಲ್ಲ. ಅವನ ಕಣ್ಣಲ್ಲಿ ನೀರು ಬಂದಿತ್ತು. ಹಕ್ಕಿ ಬಂತೆಂದೋ, ಫೋಟೋ ತಪ್ಪಿತೆಂದೋ ನಾನು ಕೇಳಲಿಲ್ಲ.

ಅಷ್ಟಕ್ಕೆ ಬಿಡುವ ಮನಸ್ಸು ನನಗಿರಲಿಲ್ಲ. ಗುಡಿಯಲ್ಲಿ ಸೋಮವಾರದ ಜನ ಸೇರಿತ್ತು, ಬೆಳುಂಕಿಯವರು, ಯಳವಿಯವರು, ನಮ್ಮೂರಿನವರು. ಮಂಗಳಾರತಿ ಆದ ಮೇಲೆ ನಾನು ಪೂಜಾರಿಗೆ ತಟ್ಟೆಯಲ್ಲಿ ಬೇಲ್-ಭಂಡಾರ ಇಡು ಎಂದೆ. ಬಿಲ್ವಪತ್ರೆಯನ್ನೂ ಅರಿಸಿನವನ್ನೂ ಕೈಯಲ್ಲಿ ಎತ್ತಿ ಮಲ್ಲಯ್ಯನೆದುರು ಸುಳ್ಳಾಡಿದವರ ಮನೆ ಉಳಿಯುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವರೂ ಭಂಡಾರ ಎತ್ತಲು ಹಿಂಜರಿಯುತ್ತಾರೆ. ಪೂಜಾರಿ ಗೊಣಗುತ್ತ ಇಟ್ಟ. ಪೇಪರಿನ ಫೋಟೋ ಹೇಗೆ ತೆಗೆದೆ, ಎತ್ತಿ ಹೇಳು ಎಂದೆ.

ಮನೆದೇವರು ಎದುರಿಗಿದ್ದರು. ಅವನು ಎತ್ತಿದ. ಆ ದಿನ ಟೊಂಗೆ ಕಟ್ಟಿದ್ದೆ, ಬಿಚ್ಚುವ ನೆನಪಾಗದೆ ಹೋದೆ, ಇವತ್ತೂ ಕಟ್ಟಿದ್ದೆ ಎಂದ. ನೆನಪಾಗದೆ ಎಂದಾಗ ನನ್ನ ಮೈ ಉರಿಯಿತು. ಬೇಕೆಂದು ಬಿಟ್ಟಿದ್ದರೆ ದ್ವೇಷ ಮಾಡಲು ಒಂದು ಆಕಾರ ಸಿಗುತ್ತಿತ್ತು. ನೆನಪೇ ಆಗಲಿಲ್ಲವಂತೆ. ಆಮೇಲೆ ಅವನು ತಲೆ ಎತ್ತಿ ಹೇಳಿದ.

"ಇವತ್ತ ನನ್ನ ಕರದಾಕಿ ಮಾವಶೀನ. ಆಕಿನ್ನೂ ಕೇಳ್ರಿ."

ಜನವೆಲ್ಲ ನನ್ನ ಕಡೆ ತಿರುಗಿತು. ಪೂಜಾರಿ ತಟ್ಟೆಯನ್ನು ನನ್ನ ಮುಂದೆ ಹಿಡಿದ, ಈ ಸಲ ಗೊಣಗಲಿಲ್ಲ. ನಾನು ಎತ್ತಿದೆ.

"ನಾನ ಕರದೀನಿ. ತಾಪ ಅಂತ ಸುಳ್ಳ ಹೇಳಿ ಕರದೀನಿ. ಸೇಡಿಗೆ ಕರದೀನಿ."

ಹಿಂದೆ ನಿಂತ ನನ್ನ ನೆಗೆಣ್ಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿರಿಯರು ಕೂತು ಮಾತಾಡಿ ಇಬ್ಬರಿಗೂ ತಪ್ಪುಕಾಣಿಕೆ ಹಾಕಿದರು, ಅವನಿಗೂ ನನಗೂ ಒಂದೇ, ದೀಪದ ಎಣ್ಣೆ ಮತ್ತು ಕಾಯಿ. ಒಂದೇ ಎನ್ನುವುದು ನನಗೆ ಇವತ್ತಿಗೂ ಚುಚ್ಚುತ್ತದೆ. ಕೊಟ್ಟೆ. ಇನ್ನು ಮುಂದೆ ಬನದ ಗಿಡಕ್ಕೆ ಕಬ್ಬಿಣವಷ್ಟೇ ಅಲ್ಲ, ಹಗ್ಗ, ಸುತಳಿ, ತಂತಿ ಯಾವುದೂ ಕೂಡದು ಎಂದು ಪೂಜಾರಿಯ ಬಾಯಿಂದಲೇ ಕೂಗಿಸಿದರು. ಅದೊಂದು ದೊಡ್ಡ ಸಮಾಧಾನ.

ನಾನು ಇನ್ನೊಂದು ಕೇಳಿದೆ. ಪೇಪರಿನವರಿಗೆ ಇಲ್ಲಿಂದಲೇ ಫೋನು ಮಾಡಿ ಖರೆ ಹೇಳಬೇಕು, ನನ್ನ ಹೆಸರು ತೆಗೆಸಬೇಕು. ಅವನು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಚ್ಚಿ ಮಾಡಿದ, ಮರಾಠಿಯಲ್ಲಿ ಎಲ್ಲವನ್ನೂ ಹೇಳಿದ. ಆ ಕಡೆಯವನು ನಕ್ಕ. ಅದಕ್ಕೇನಂತೆ, ಎಲ್ಲರೂ ಹಾಗೇ ತೆಗೆಯುತ್ತಾರೆ, ಫೋಟೋ ಚೆನ್ನಾಗಿದೆಯಲ್ಲ ಎಂದು ಇಟ್ಟುಬಿಟ್ಟ. ನನ್ನ ಸೇಡಿಗೆ ಅಷ್ಟು ದೂರ ಕೈ ಚಾಚಲಾಗಲಿಲ್ಲ.

ಬೇವಿನ ಮರಿಗಳಿಗೆ ಪುಕ್ಕ ಬಂತು, ಹಸಿರು ಬಂತು. ಒಂದು ಮುಂಜಾನೆ ಎರಡೂ ಗೂಡಿನ ಅಂಚಿನಿಂದ ಟೊಂಗೆಗೆ, ಟೊಂಗೆಯಿಂದ ಬಸರಿಗೆ ಹಾರಿದವು. ಆ ಫೋಟೋ ಮಂಜಾಗಿ ಬಂತು, ಚೀಲ ಬಿಟ್ಟು ಎದ್ದು ನಿಂತು ತೆಗೆದಿದ್ದೆ. ಮೇಡಮ್ಮು ಸಾಕು, ಇಷ್ಟೇ ಬೇಕಿತ್ತು ಎಂದು ಕಾರ್ಡು ಒಯ್ದರು. ಅವರು ಒಯ್ಯುವ ಮೊದಲು ಆ ಬೆನ್ನಿನ ಚಿತ್ರಗಳನ್ನು ಬೇರೆ ತೆಗೆದಿಟ್ಟುಕೊಂಡಿದ್ದೇನೆ. ಯಾರಿಗೂ ತೋರಿಸಿಲ್ಲ, ಅಳಿಸಿಯೂ ಇಲ್ಲ. ಕ್ಷಮಿಸಿಬಿಡು ಎಂದು ನಮ್ಮ ಯಜಮಾನರು ಹೇಳುತ್ತಾರೆ. ಕಾಗೆಯ ಪಾಲಾದ ಬಸರಿಯ ಆ ಎರಡು ಮರಿಗಳು ಹೇಳಿದರೆ ಕ್ಷಮಿಸುತ್ತೇನೆ.

ಮರಿ ಹಾರಿದ ಮರುದಿನ ಅಂಗಳದಲ್ಲಿ ವರ್ಷದ ಖಾರಕ್ಕೆ ಮೆಣಸಿನಕಾಯಿ ಹರವಿ, ತೊಟ್ಟು ಮುರಿಯುತ್ತ ಕೂತಿದ್ದೆ. ಕಟ್ಟೆಯ ಮೇಲಿಟ್ಟ ಫೋನು ಬಡಿದುಕೊಂಡಿತು. ಯಜಮಾನರು ನೋಡಿ ಜತ್ತದವನದು ಎಂದರು. ತಂದೆ ಉಣಿಸುವ ಆ ಫೋಟೋವನ್ನು ಮಾವಶಿಯ ಹೆಸರಿನಲ್ಲೇ ಸ್ಟುಡಿಯೋದಲ್ಲಿ ಹಾಕುತ್ತೇನೆ, ಕೊಡಿ ಎಂದು ಮೇಡಮ್ಮಿನ ಹತ್ತಿರ ಹೇಳಿ ಕಳಿಸಿದ್ದ, ಅದನ್ನೇ ಕೇಳಲಿಕ್ಕಿರಬೇಕು. ಎತ್ತಲೇನು ಎಂದು ಯಜಮಾನರು ಕೇಳಿದರು.

"ಕೈ ಖಾರ ಆಗ್ಯಾವ್ರಿ. ಇರಲಿ ಬಿಡ್ರಿ," ಅಂದೆ.

ಫೋನು ತಾನೇ ಸುಮ್ಮನಾಯಿತು. ಬಿಸಿಲು ಚಲೋ ಇತ್ತು, ಸಂಜೆಯೊಳಗೆ ಕಾಯಿ ಗರಿಗರಿಯಾಗಬೇಕು. ನಾನು ಇನ್ನೊಂದು ಬೊಗಸೆ ಮುಂದಕ್ಕೆ ಎಳೆದುಕೊಂಡೆ.